ಕಂಬದ ದೋಷ

ಸೋಮವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಒಳಗೆ ಸಮಾಧಾನದಕ್ಕ ಅರವತ್ತೊಂದು ಸಲ ಕುರ್ಚಿ ಬಿಟ್ಟು ಎದ್ದು ಹೋದಳು. ಹಾಗಂತ ಕಂಪನಿಯ ಕಂಪ್ಯೂಟರು ಬರಕೊಂಡಿತ್ತು. ನಿಜವಾಗಿ ಅವಳು ಎದ್ದಿದ್ದು ಎರಡೇ ಸಲ. ಒಂದು ಬಚ್ಚಲಿಗೆ, ಇನ್ನೊಂದು ಹಾಲು ಉಕ್ಕಿತು ಅಂತ. ಅವಳ ಬಲಮೊಣಕಾಲು ಕೂತರೆ ಏಳಲ್ಲ, ಎದ್ದರೆ ಕೂರಲ್ಲ ಅನ್ನೋ ಥರದ್ದು.

ಪಟ್ಟಿ ನೋಡಿ ಅತ್ತೆ ಅಂದಳು, "ಅರವತ್ತೊಂದು ಸಲ ಏಳೋ ಮೊಣಕಾಲು ನಿಂಗಿದೆ ಅಂತ ಮೊದಲೇ ಹೇಳಿದ್ರೆ, ಎರಡು ಮಹಡಿ ನೀರು ನಾನ್ಯಾಕೆ ಹೊರ್ತಿದ್ದೆ?"

ಸಮಾಧಾನದಕ್ಕ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ. ಅದು ಅವಳ ಕೆಲಸ. ಮನೆಮನೆಗೆ ಇಂಟರ್ನೆಟ್ ಕೊಡೋ ಕಂಪನಿಗೆ ಫೋನ್ ಮಾಡಿ ಬೈಯೋ ಜನಕ್ಕೆ ಸಮಾಧಾನ ಹೇಳೋದು. "ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ" ಅಂತ ದಿನಕ್ಕೆ ನೂರಾ ಹತ್ತು ಸಲ, ಮೂರು ವರ್ಷದಿಂದ. ಮೊದಲು ಆಫೀಸಿತ್ತು, ಫ್ಯಾನಿತ್ತು, ಪಕ್ಕದಲ್ಲಿ ಗೆಳತಿ ಇದ್ದಳು. ಆಮೇಲೆ ಕಂಪನಿ ಆಫೀಸು ಖಾಲಿ ಮಾಡಿ, "ಮನೆಯಲ್ಲೇ ಕೂತು ಹಾಯಾಗಿ ಕೆಲಸ ಮಾಡಿ" ಅಂತು. ಕುರ್ಚಿ ಅವಳದ್ದು, ಕರೆಂಟು ಅವಳದ್ದು. ಇಂಟರ್ನೆಟ್ ಮಾತ್ರ ಕಂಪನಿಯದ್ದೇ ಇರಬೇಕು, ಅದರ ಬಿಲ್ಲೂ ಅವಳೇ ಕಟ್ಟಬೇಕು.

ಆ ಲೈನು ಕಡಿದು ಹೋದಾಗಲೆಲ್ಲ ಕಂಪ್ಯೂಟರು "ಎದ್ದು ಹೋದರು" ಅಂತ ಬರೀತಿತ್ತು. ಪಾಪ, ಅದಕ್ಕೆ ಕಲಿಸಿದ್ದು ಅದೊಂದೇ ಮಾತು. ವಾರಕ್ಕೆ ಇನ್ನೂರ ಐವತ್ತು ದಾಟಿದರೆ ಲಾಗಿನ್ ಬಂದ್. ಲಾಗಿನ್ ಬಂದ್ ಅಂದರೆ ಕೆಲಸ ಬಂದ್. ಆ ಮನೆಗೆ ಬರ್ತಿದ್ದ ಸಂಬಳ ಅದೊಂದೇ.

ಮಂಗಳವಾರ ರಿಪೇರಿ ಶುರು. ಮದ್ದೆಲ್ಲ ಅವಳಿಗೆ ಬಾಯಿಪಾಠ, ದಿನಾ ಊರಿಗೆಲ್ಲ ಹೇಳೋದೇ ಅದು. ಇಂಟರ್ನೆಟ್ಟಿನ ಡಬ್ಬಿ ಆಫ್ ಮಾಡಿ ಮೂವತ್ತು ಎಣಿಸಿದಳು. ವೈರು ಕಿತ್ತು, ಒರೆಸಿ, ಚುಚ್ಚಿದಳು. ವೈಫೈ ಬೇಡ ಅಂತ ನೇರವಾಗಿ ವೈರನ್ನೇ ಕಂಪ್ಯೂಟರಿಗೆ ಸಿಕ್ಕಿಸಿದಳು. ಡಬ್ಬಿಯನ್ನ ಬೀರು ಮೇಲಿಟ್ಟಳು, ಕಿಟಕೀಲಿಟ್ಟಳು, ಹಿಟ್ಟಿನ ಡ್ರಮ್ಮಿನ ಮೇಲಿಟ್ಟಳು. ಒಂದೇ ದಿನದಲ್ಲಿ ಆ ಡಬ್ಬಿ ನೋಡಿದಷ್ಟು ಜಾಗ ಅತ್ತೆ ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಆರು ನಿಮಿಷ ಹಸಿರು ದೀಪ, ಆಮೇಲೆ ಕೆಂಪು.

ಕೊನೆಗೆ ತನ್ನದೇ ಕಂಪನಿಗೆ ಫೋನ್ ಮಾಡಿದಳು.

"ನಮಸ್ಕಾರ, ಹೇಗೆ ಸಹಾಯ ಮಾಡಲಿ?"

ಕೆಮ್ಮಿನಿಂದಲೇ ಗೊತ್ತಾಯ್ತು, ಆಫೀಸಲ್ಲಿ ಪಕ್ಕದಲ್ಲಿ ಕೂರ್ತಿದ್ದ ಗೆಳತಿ. ಆದರೆ ಮಾತೆಲ್ಲ ರೆಕಾರ್ಡ್ ಆಗುತ್ತೆ. ಗುರುತು ತೋರಿಸಿದರೆ ಇಬ್ಬರಿಗೂ ಕುತ್ತು.

"ಡಬ್ಬಿ ಆಫ್ ಮಾಡಿ ಮೂವತ್ತು ಎಣಿಸಿದ್ರಾ ಮೇಡಂ?"

"ಎಣಿಸಿದೆ ಮೇಡಂ."

"ಇನ್ನೊಂದು ಸಲ ಎಣಿಸ್ತೀರಾ ಮೇಡಂ?"

ಇಬ್ಬರೂ ಸುಮ್ಮನೆ ಮೂವತ್ತರವರೆಗೆ ಕೂತರು. ಒಬ್ಬಳು ನಿಟ್ಟುಸಿರು ಶುರು ಮಾಡಿದಳು, ಇನ್ನೊಬ್ಬಳು ಮುಗಿಸಿದಳು.

"ನಿಮ್ಮ ಬೇಸರ ನಮಗೆ ಅರ್ಥವಾಗುತ್ತೆ ಮೇಡಂ" ಅಂದಳು ಗೆಳತಿ. ಕಂಪನಿ ಹುಟ್ಟಿದ ಮೇಲೆ ಆ ಮಾತನ್ನ ಯಾರಾದರೂ ನಿಜವಾಗಿ ಹೇಳಿದ್ದು ಅದೇ ಮೊದಲು.

ಬುಧವಾರ ಲೈನಿನವನು ಬಂದ. ಸದಾ ಭುಜದ ಮೇಲೆ ಏಣಿ, ಹಾಗಾಗಿ ಬೀದಿಗೆಲ್ಲ ಅವನು ಏಣಿಯಣ್ಣ. ಮನೆಯೊಳಗೆಲ್ಲ ಪರೀಕ್ಷೆ ಮಾಡಿದ, ಕಂಬ ಹತ್ತಿ ಇಳಿದ, ಮೆಟ್ಟಿಲ ಮೇಲೆ ಕೂತ.

"ಒಳಗೇನೂ ಇಲ್ಲ ಅಕ್ಕ. ಕಂಬದ ಮೇಲಿನ ಡಬ್ಬಿ. ಹದಿನಾರು ಮನೆಗೆ ಅಂತ ಮಾಡಿದ್ದು, ನಲವತ್ತೆರಡು ಮನೆ ನೇತಾಡ್ತಿವೆ."

"ಹಾಗಂತ ಬರಿ ಮತ್ತೆ."

ಅವನು ಫೋನು ತಿರುಗಿಸಿ ತೋರಿಸಿದ. ಮನೆಯೊಳಗಿನ ವೈರು. ಮನೆಯೊಳಗಿನ ಡಬ್ಬಿ. ಮನೆಯವರ ಕಂಪ್ಯೂಟರು. ಮನೆಯವರ ತಿಳುವಳಿಕೆ. ದೋಷ ಎಲ್ಲಿ ಅಂದರೆ ಇಷ್ಟರಲ್ಲೇ ಒಂದನ್ನ ಒತ್ತಬೇಕು.

"ಕಂಬ ಇಲ್ವಲ್ಲೋ" ಅಂದಳು ಅತ್ತೆ, ಕನ್ನಡಕ ಏರಿಸಿ. "ನಾನು ಬಂದಾಗಿನಿಂದ ಅಲ್ಲೇ ನಿಂತಿದೆ."

"ಕಂಪನಿಗೆ ಕಾಣಲ್ಲ ಅಜ್ಜಿ. ಹೋದ ತಿಂಗಳು ಹೊಸ ಡಬ್ಬಿ ಕೇಳಿದೆ. 'ಆ ಬೀದೀಲಿ ಹನ್ನೊಂದು ದೂರು, ಹನ್ನೊಂದಕ್ಕೂ ಮನೆಯೊಳಗಿನ ದೋಷ ಅಂತ ನೀನೇ ಒತ್ತಿದ್ದೀಯ, ಕಂಬಕ್ಕೇನು ರೋಗ?' ಅಂದ್ರು." ಬೆವರು ಒರೆಸಿಕೊಂಡ. "ಹೋಗ್ಲಿ, ನಿಮ್ಮ ಫೋನಿಗೆ ನಾಲ್ಕಂಕಿ ಓಟಿಪಿ ಬಂದಿರುತ್ತೆ ನೋಡಿ, ಹೇಳಿ. ಅದನ್ನ ಒತ್ತಿದ್ರೇನೇ ದೂರು ಮುಚ್ಚೋದು, ಮುಚ್ಚಿ ಹೋಗ್ತೀನಿ. ದಿನಕ್ಕೆ ಎಂಟು ಮುಚ್ಚದಿದ್ರೆ ನನ್ನನ್ನೇ ಮುಚ್ತಾರೆ."

ಫೋನಿಗೆ ನಾಲ್ಕಂಕಿ ಬಂದಿತ್ತು. ಈ ನಾಲ್ಕಂಕೀನ ಸಮಾಧಾನದಕ್ಕ ಮೂರು ವರ್ಷದಲ್ಲಿ ಸಾವಿರಾರು ಜನರ ಬಾಯಿಂದ ಪುಸಲಾಯಿಸಿ ಹೊರಡಿಸಿದ್ದಳು. ತನ್ನ ಫೋನಿಗೆ ಬಂದದ್ದು ಇದೇ ಮೊದಲು. ಪೂರ್ತಿ ಓದಿದಳು.

"'ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ' ಅಂತ ಬರೆದಿದೆ."

"ಅದು ಸುಮ್ನೆ ಬರೀತಾರೆ ಅಕ್ಕ."

"ನಮ್ಮ ಕಂಪನಿ ಯಾವತ್ತಾದ್ರೂ ಸುಮ್ನೆ ಏನಾದ್ರೂ ಕೊಟ್ಟಿದೆಯಾ?"

ಅವನು ನಗಲಿಲ್ಲ. ನಗೋಕೂ ತ್ರಾಣ ಬೇಕು. ಅತ್ತೆ ಕೊಟ್ಟ ನೀರು ಕುಡಿದ.

"ಒಂದು ದಿನದೊಳಗೆ ಮುಚ್ಚದ ದೂರು ದೊಡ್ಡಾಫೀಸಿನ ಗೋಡೆ ಪರದೆ ಮೇಲೆ ಕೆಂಪಾಗಿ ಕಾಣುತ್ತೆ" ಅಂದಳು ಸಮಾಧಾನದಕ್ಕ. "ಒಂದಾದ್ರೆ ಬೆರಳಲ್ಲಿ ಒರೆಸ್ತಾರೆ. ನಲವತ್ತೆರಡಾದ್ರೆ?"

"ನನ್ನ ಎಂಟು?"

"ಬೇರೆ ಬೀದೀಲಿ ಮುಚ್ಚಿಕೋ."

"ಬೇರೆ ಬೀದಿ ಕಂಬ ಏನು ಬೆಳ್ಳೀದಾ?" ಎದ್ದು ಏಣಿ ಭುಜಕ್ಕೇರಿಸಿದ. "ಈ ತಿಂಗಳು ಇದೇ ಕಂಬ ಒಂಬತ್ತು ಸಲ ಹತ್ತಿದ್ದೀನಿ. ನನ್ನ ಹೆಂಡತಿ ಮುಖ ಅಷ್ಟು ಸಲ ನೋಡಿಲ್ಲ. ಹೇಳಬೇಡಿ, ಹೋಗಿ."

ಆಮೇಲೆ ಮನೆಮನೆಗೂ ಹೋಗಿ ಕಂಬದ ಕಥೆ ಹೇಳಿದ. ಕೆಳಗಿನ ಅಂಗಡಿಯ ದರ್ಜಿ ಎಲ್ಲರಿಗಿಂತ ಮೊದಲು ದೂರು ಕೊಟ್ಟ. ಅವನು ವಿಡಿಯೋದಲ್ಲಿ ಅಳತೆ ತಗೊಳ್ಳೋನು. ಮಧ್ಯದಲ್ಲಿ ಲೈನು ನಿಂತು ಒಂದೇ ತೋಳಿನ ಅಂಗಿ ಹೊಲಿದು ಕಳಿಸಿದ್ದ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂಬತ್ತು ದೂರು. ಉಳಿದ ಮೂರು ಮನೆಯವರಿಗೆ ದೂರು ಕೊಡೋಕೂ ಲೈನು ಸಿಗಲಿಲ್ಲ.

ಬೀದಿಯವರ ಫೋನು ಸಮಾಧಾನದಕ್ಕನಿಗೆ ಬಂದರೆ ಅವಳು, ಗೆಳತಿಗೆ ಬಂದರೆ ಗೆಳತಿ, ಇಬ್ಬರೂ ಒಂದೇ ಮಾತು ಹೇಳಿದರು: "ಆ ನಾಲ್ಕಂಕಿ ಯಾರಿಗೂ ಹೇಳಬೇಡಿ. ಕಂಪನಿಯ ಸೂಚನೆ." ರೆಕಾರ್ಡು ಎಷ್ಟು ತಿರುಗಿಸಿ ಕೇಳಿದರೂ ತಪ್ಪು ಹುಡುಕೋಕಾಗದ ಮಾತು.

ಶುಕ್ರವಾರ ಮಧ್ಯಾಹ್ನ ಟೀಮ್ ಲೀಡರ್ ಫೋನು ಮಾಡಿದ. ಜೇನು ಸುರೀತಿತ್ತು ಬಾಯಲ್ಲಿ.

"ಅಕ್ಕಾ, ನಿಮ್ಮದು ಇನ್ನೂರ ನಲವತ್ತೆಂಟಾಗಿದೆ. ಸಂಜೆಯೊಳಗೆ ದಾಟುತ್ತೆ. ಆ ನಾಲ್ಕಂಕಿ ಹೇಳಿಬಿಡಿ, ಬೀದಿಯವರಿಗೂ ಹೇಳೋಕೆ ಹೇಳಿ. ನೀವು ಎದ್ದಿದ್ದನ್ನೆಲ್ಲ ಅಳಿಸಿಬಿಡ್ತೀನಿ. ನಿಮಗೊಬ್ಬರಿಗೆ ಪ್ರತ್ಯೇಕ ಲೈನೂ ಎಳೆಸ್ತೀನಿ."

ಆಸೆ ಆಗಲಿಲ್ಲ ಅಂದರೆ ಸುಳ್ಳು. ಮೊಣಕಾಲು ಸೆಳೀತಿತ್ತು, ಕಣ್ಣು ಉರೀತಿತ್ತು. ಅತ್ತೆ ಬಾಗಿಲಲ್ಲಿ ನಿಂತು ಒಂದೇ ಲೋಟವನ್ನ ಮೂರನೇ ಸಲ ಒರೆಸ್ತಿದ್ದಳು.

"ಪ್ರತ್ಯೇಕ ಲೈನು ಎಲ್ಲಿಂದ ಎಳೀತೀರಿ ಸಾರ್?"

"ನಿಮ್ಮ ಬೀದಿ ಕಂಬದಿಂದ. ಅಲ್ಲಿರೋರಲ್ಲಿ ಒಬ್ಬರನ್ನ ಕಿತ್ತು, ನಿಮ್ಮನ್ನ ನೇರವಾಗಿ."

"ಹಾಗಾದ್ರೆ ಕಂಬ ಇದೆ. ಮಾತು ರೆಕಾರ್ಡ್ ಆಗ್ತಿದೆ ಅಲ್ವಾ ಸಾರ್?"

ಆ ಕಡೆ ಜೇನು ಮುಗೀತು. ಇನ್ನೂರ ಐವತ್ತಕ್ಕೆ ಕಾಯಲೂ ಇಲ್ಲ. ಹತ್ತು ನಿಮಿಷಕ್ಕೆ ಲಾಗಿನ್ ಬಂದ್. ಪರದೆ ಮೇಲೆ ಬಂತು: "ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ. ಶುಭವಾಗಲಿ."

ಸಮಾಧಾನದಕ್ಕ ಹಾಗೇ ಕೂತಿದ್ದಳು. ಅತ್ತೆ ಆ ಲೋಟವನ್ನ ನಾಲ್ಕನೇ ಸಲ ಒರೆಸಿದಳು. ಅದು ನೋಡಿ ಅವಳಿಗೆ ಇನ್ನೂ ಭಯ ಆಯ್ತು.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ದರ್ಜಿ ಬಂದ, ಕೊರಳಲ್ಲಿ ಟೇಪು. ಹಿಂದೆ ಪಕ್ಕದ ಮನೆಯವರು, ಎದುರು ಮನೆಯವರು, ಏಣಿ ಕೆಳಗಿಟ್ಟು ಏಣಿಯಣ್ಣ.

"ನಿಮ್ಮ ಟೀಮ್ ಲೀಡರ್ ನಂಗೂ ಫೋನ್ ಮಾಡಿದ್ದ" ಅಂದ ದರ್ಜಿ. "'ಆ ಹೆಂಗಸಿನ ಮಾತು ಕೇಳಬೇಡಿ, ಅವಳನ್ನ ತೆಗೆದಿದ್ದೀವಿ. ನಾಲ್ಕಂಕಿ ಹೇಳಿ, ನಿಮಗೊಬ್ಬರಿಗೆ ಪ್ರತ್ಯೇಕ ಲೈನು' ಅಂದ."

"ನಂಗೂ ಅದೇ ಅಂದ" ಅಂದರು ಪಕ್ಕದ ಮನೆಯವರು.

"ನಂಗೂ."

"ಹೇಳಿಬಿಟ್ರಾ?" ಕೇಳಿದಳು ಸಮಾಧಾನದಕ್ಕ.

"ಹೊಸ ಡಬ್ಬಿ ಬರಲಿ, ಅವಳ ಲಾಗಿನ್ನು ತೆರೀಲಿ, ಆಮೇಲೆ ಹೇಳ್ತೀವಿ ಅಂದೆ. ರೇಗಿದ. 'ನಿಮಗೂ ಅವಳಿಗೂ ಏನ್ರೀ ಸಂಬಂಧ?' ಅಂದ."

"ನೀವೇನಂದ್ರಿ?"

ದರ್ಜಿ ಟೇಪು ಸರಿ ಮಾಡಿಕೊಂಡ.

"ಒಂದೇ ಕಂಬ ಅಂದೆ."