ದೇವರ ಜಗಲಿಯ ಪುಲ್ಲರ್

ಗಜೇಂದ್ರಗಡದಲ್ಲಿ ಅಮೋಘಸಿದ್ದನ ಬಸ್ಸು ಬೆಳಬೆಳಿಗ್ಗೆಯೇ ಹಿಂದಿನ ಗಾಲಿ ಕಳಚಿಕೊಂಡು ಅವನ ಮನೆಯ ಮುಂದೆ ನಿಂತಿತ್ತು. ಮಧ್ಯಾಹ್ನ ರೋಣದಲ್ಲಿ ಮಗಳು ಸಕ್ರವ್ವನ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ. ಚಕ್ಕಡಿ ಹೂಡಿದರೆ ಮುಟ್ಟುವುದು ಸಂಜೆಗೆ. ಪಾಸಾದರೆ ಹುಡುಗಿ ಸಾಲಿಗೆ ಕಲಿಸಲು ಹೋಗುವವಳು. ಇಲ್ಲದಿದ್ದರೆ ವೈಶಾಖದಲ್ಲಿ ಮದುವೆ ಎಂದು ಅಜ್ಜಿ ಹುಚ್ಚವ್ವ ಆಗಲೇ ಸಾರಿಬಿಟ್ಟಿದ್ದಳು.

ಹೊಸ ಬೇರಿಂಗೇನೋ ಕೈಯಲ್ಲಿತ್ತು. ಹಳೆಯದು ಆಕ್ಸಲ್ ಬಿಟ್ಟು ಬರಬೇಕಲ್ಲ! ಅಮೋಘಸಿದ್ದ ಸಿಟ್ಟಿನಿಂದ ಸುತ್ತಿಗೆ ಎತ್ತಿದ. ಫಿಟ್ಟರ್ ಗೌಸುಸಾಬ ಅವನ ಕೈ ಹಿಡಿದ.

“ಬಡದ್ರ ಆಕ್ಸಲ್ ಹಾಳಾಗತೈತ್ರಿ. ಹುಬ್ಬಳ್ಳಿಯಿಂದ ಬೇರಿಂಗ್ ಜಗ್ಗೋ ಪುಲ್ಲರ್ ತಂದಿದ್ರಲ್ಲ, ಅದೆಲ್ಲೈತಿ?”

“ದೇವರ ಜಗಲಿ ಮ್ಯಾಲೈತಿ,” ಎಂದು ಅಮೋಘಸಿದ್ದ ಕತ್ತು ಕೆರೆದುಕೊಂಡ.

ಖರೇನೇ. ಮೂರು ಕೊಕ್ಕೆಯ ಆ ಸಾಮಾನು ದಸರೆಯ ಖಂಡೇಪೂಜೆಯ ದಿನ ಜಗಲಿ ಏರಿದ್ದು, ಇಳಿದಿರಲೇ ಇಲ್ಲ. ಹುಚ್ಚವ್ವನ ಕಣ್ಣಿಗೆ ಅದು ಸಾಕ್ಷಾತ್ ತ್ರಿಶೂಲ. ದಿನಾ ವಿಭೂತಿ, ಕುಂಕುಮ, ಹೂವು. ಊರೂರು ಬಸ್ಸು ಓಡಿಸುವ ಗಂಡಸು ತಾಯಿಯ ಮುಂದೆ ಮಾತ್ರ ಬೆಕ್ಕಿನ ಮರಿ. ಆದರೂ ಒಳಗೆ ಹೋಗಿ ಕೇಳಿದ.

“ಪೂಜಿ ಮಾಡಿದ್ದಕ್ಕ ಗ್ರೀಸ್ ಹಚ್ಚತಿಯೇನೋ?” ಎಂದಳು ಮುದುಕಿ.

ಹೊಸ್ತಿಲಲ್ಲಿ ಚೀಲ ಅಪ್ಪಿಕೊಂಡು ನಿಂತಿದ್ದ ಸಕ್ರವ್ವ ಮೆಲ್ಲಗೆ ಅಂದಳು: “ಆಯಿ, ನಾನೂ ದಿನಾ ಅದಕ್ಕ ಕೈ ಮುಗದೇನಿ. ನನ್ನ ಪಾಸ್ ಮಾಡಪಾ ಅಂತ ಬೇಡಕೊಂಡೇನಿ.”

ಹುಚ್ಚವ್ವ ಮೊಮ್ಮಗಳನ್ನು ನೋಡಿದಳು, ಜಗಲಿಯನ್ನು ನೋಡಿದಳು. ಇಷ್ಟು ದಿನ ತನ್ನ ಪಕ್ಕದಲ್ಲೇ ಕೂತು ಈ ಹುಡುಗಿ ಬೇಡಿದ್ದು ಇದನ್ನೇ? ಹೂವು ತೆಗೆದಿಟ್ಟು ಪುಲ್ಲರನ್ನು ಸೆರಗಿನಲ್ಲಿ ಹಿಡಿದು ತಾನೇ ಹೊರಗೆ ತಂದಳು. ಗೌಸುಸಾಬ ಕೈ ಒರೆಸಿಕೊಂಡು ಇಸಿದುಕೊಂಡ.

ಕೊಕ್ಕೆಗಳನ್ನು ಬೇರಿಂಗಿನ ಹಿಂದೆ ಸಿಗಿಸಿ, ನಡುವಿನ ತಿರುಪನ್ನು ಆಕ್ಸಲ್ಲಿನ ತುದಿಗೆ ಕೊಟ್ಟು ಪಾನಾ ಹಾಕಿ ತಿರುವಿದ. ಅಲುಗಲಿಲ್ಲ. ಅಮೋಘಸಿದ್ದನೂ ಕೈ ಹಚ್ಚಿದ. ಕಿರ್ರೆಂದಿತು. ಆಮೇಲೆ ಬೇರಿಂಗು ತಕರಾರಿಲ್ಲದೆ ಸರಿಯುತ್ತ ಸರಿಯುತ್ತ ಕೈಗೆ ಬಂತು. ಹೊಸದನ್ನು ಕೂರಿಸಿ ಗಾಲಿ ಏರಿಸುವಾಗ ಬಿಸಿಲು ಇನ್ನೂ ಎಳೆಯದಿತ್ತು.

ಅಮೋಘಸಿದ್ದ ಪುಲ್ಲರ್ ಒರೆಸಿ ಒಳಗೆ ಹೊರಟ.

“ಅಲ್ಲ್ಯಾಕ ಒಯ್ತಿ? ಗಾಡ್ಯಾಗ ಇಡು,” ಎಂದಳು ಹುಚ್ಚವ್ವ. ಕೊಕ್ಕೆಯ ಸಂದಿಯಲ್ಲಿ ಉಳಿದಿದ್ದ ಕುಂಕುಮವನ್ನು ಗ್ರೀಸಿನ ಸಮೇತ ಬೆರಳಿಗೆ ತೆಗೆದುಕೊಂಡು ಸಕ್ರವ್ವನ ಹಣೆಗೆ ಹಚ್ಚಿದಳು.

“ವೈಶಾಖ ವರ್ಷಾ ವರ್ಷಾ ಬರತೈತಿ. ನೀ ಹೋಗಿ ಚಲೋತ್ನಾಗಿ ಬರಿ.”