ಲೈವ್‌ನಲ್ಲಿ ಗೆದ್ದ ಖಾನಾವಳಿ ಕೇಸು

ಮೊಬೈಲ್ ಲೈವ್‌ನಲ್ಲಿ ನಮ್ಮ ಪ್ರಶ್ನೆ ಎದ್ದು ಕಾಣಬೇಕಾದರೆ ಇನ್ನೂರು ರೂಪಾಯಿ ಕೊಡಬೇಕು. ನವನಗರದಿಂದ ಹುಬ್ಬಳ್ಳಿ ಕೋರ್ಟಿಗೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅಲ್ಲಿನ ಕಾನೂನು ಸೇವಾ ಸಮಿತಿಯಲ್ಲಿ ಅವರಿಗೆ ವಕೀಲರೂ ಪುಕ್ಕಟೆ. ಆದರೂ ಫಕೀರಪ್ಪ ಇನ್ನೂರು ರೂಪಾಯಿಯ ದಾರಿಯನ್ನೇ ಹಿಡಿದ.

ಅವನ ಹೆಂಡತಿ ಶಿವಬಸವ್ವ ನವನಗರದಲ್ಲಿ ಬಾಡಿಗೆ ಜಾಗದಲ್ಲಿ ಖಾನಾವಳಿ ನಡೆಸುತ್ತಾಳೆ. ಜಾಗದ ಮಾಲೀಕ ಬಸವಕಿರಣ ಪ್ರತಿ ಸೋಮವಾರ ಅಲ್ಲೇ ಊಟ ಮಾಡುತ್ತಿದ್ದ. ಬಾಡಿಗೆ ಏರಿಸಿ ಎಂದು ಕೇಳಿ ಕೇಳಿ ಸಾಕಾಗಿ, ಜಾಗ ಬಿಡಿಸಿಕೊಡಿ ಎಂದು ಕೋರ್ಟಿಗೆ ಹೋದ. ಶಿವಬಸವ್ವನ ಹೆಸರಿಗೆ ಸಮನ್ಸ್ ಬಂತು.

ಫಕೀರಪ್ಪ ದಿನವೂ ವಕೀಲ ಅಮರೇಶರ ಲೈವ್ ನೋಡುವವನು. ದೊಡ್ಡ ದೊಡ್ಡ ತೀರ್ಪುಗಳನ್ನು ಸರಳವಾಗಿ ಬಿಡಿಸಿ ಹೇಳುವುದರಲ್ಲಿ ಅಮರೇಶ ಜಾಣರು. ಅವರ ಅಭಿಮಾನಿಗಳು ಮಾತ್ರ ಎರಡು ಬಣವಾಗಿ ಕಚ್ಚಾಡುತ್ತಿದ್ದರು. ಒಂದು ಬಣದ ಮೊಬೈಲ್ ಗುಂಪಿನಲ್ಲಿ ಫಕೀರಪ್ಪನೂ ಇದ್ದ.

ಅವನು ದಾವೆಯ ಮೊದಲ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿದ. ಅದರಲ್ಲಿ ಮಾಲೀಕನ ಫೋನ್ ನಂಬರೂ ಇತ್ತು. ಲೈವ್‌ನಲ್ಲಿ ಹಣ ಕೊಟ್ಟು ಪ್ರಶ್ನೆಯನ್ನೂ ಕೇಳಿದ. ನೋಟಿಸ್ ಕೊಡದೆ ಬಾಡಿಗೆದಾರರನ್ನು ಬಿಡಿಸುವುದು ಸುಲಭವಲ್ಲ ಎಂದಷ್ಟೇ ಹೇಳಿ ಅಮರೇಶ ಮುಂದಿನ ಪ್ರಶ್ನೆಗೆ ಹೋದರು. ಗುಂಪಿನಲ್ಲಿ ಅದೇ ಮಾತು, ಕೇಸು ಗೆದ್ದಾಯಿತು, ಕೋರ್ಟಿಗೆ ಹೋಗುವುದೇ ಬೇಡ ಎಂದಾಯಿತು. ಯಾರ್ಯಾರೋ ಬಸವಕಿರಣನಿಗೆ ಫೋನ್ ಮಾಡಿ ಬೈದರು. ಅವನ ಹೆಂಡತಿಯನ್ನೂ ಬಿಡಲಿಲ್ಲ.

ಶಿವಬಸವ್ವ ತನ್ನ ಸ್ವಸಹಾಯ ಸಂಘದಲ್ಲಿ ಇದನ್ನು ಹೇಳಿಕೊಂಡಳು. ಸಂಘದ ರಾಜೇಶ್ವರಿ ಕಾನೂನು ಸೇವೆಯ ತರಬೇತಿ ಪಡೆದವಳು. ಮರುದಿನವೇ ಖಾನಾವಳಿಗೆ ಬಂದು ಫಕೀರಪ್ಪನಿಗೆ ಹೇಳಿದಳು.

“ಕಾಕಾ, ತಾರೀಖಿಗೆ ಹೋಗಲಿಲ್ಲಂದ್ರ ಕೋರ್ಟಿನವರು ಅವರೊಬ್ಬರ ಮಾತು ಕೇಳಿ ಆದೇಶ ಮಾಡಬಹುದು. ಖಾನಾವಳಿ ಹೋಗತೈತಿ.”

“ನಮ್ಮ ಗುಂಪಿನ್ಯಾಗ ಸಾವಿರ ಮಂದಿ ಅದಾರವಾ. ಎಲ್ಲಾರೂ ದಡ್ಡರೇನು?”

“ದಡ್ಡರಲ್ಲ ಬಿಡ್ರಿ. ಆದ್ರ ಕೋರ್ಟಿನ್ಯಾಗ ಹೆಸರು ಕೂಗಿದ್ರ ಅವರಿಗೆ ಕೇಳಸೂದಿಲ್ಲ. ಜೋಡಿ ಯಾರು ಬರ್ತೀರಿ ಅಂತ ಒಮ್ಮೆ ಕೇಳಿ ನೋಡ್ರಿ.”

ಫಕೀರಪ್ಪ ಗುಂಪಿನಲ್ಲಿ ಕೇಳಿಯೇಬಿಟ್ಟ. ಕೆಲವರು ಕೈಮುಗಿದ ಚಿತ್ರ ಕಳಿಸಿದರು. ಅಮರೇಶಣ್ಣನ ಮೇಲೆ ನಂಬಿಕೆ ಇಲ್ಲವೇ, ಎದುರು ಬಣದವರಿಂದ ರೊಕ್ಕ ತಿಂದೆಯಾ ಎಂದು ಉಳಿದವರು ಏರಿಬಂದರು. ಸಂಜೆಯೊಳಗೆ ಅವನನ್ನು ಗುಂಪಿನಿಂದ ಹೊರಗೆ ಹಾಕಿದ್ದರು.

ಶಿವಬಸವ್ವ ರೊಟ್ಟಿ ಬಡಿಯುತ್ತಲೇ ಅಂದಳು, “ಸಾವಿರದಾಗ ಒಬ್ರು ಕಡಿಮಿ ಆದ್ರಿ. ಇನ್ನರ ನಮ್ಮ ಜೋಡಿ ನಡೀರಿ.”

ಆದರೂ ಅವನಿಗೆ ಸಮಾಧಾನವಿಲ್ಲ. ಅಮರೇಶರ ಕಚೇರಿಗೆ ಫೋನ್ ಮಾಡಿದ. ಅಮರೇಶರೇ ಮಾತಾಡಿದರು.

“ಯಜಮಾನ್ರ, ನಾ ನಿಮ್ಮ ಕಾಗದ ಓದಿಲ್ಲ. ಲೈವ್‌ನ್ಯಾಗ ಹೇಳೂದು ಎಲ್ಲಾರಿಗೂ ಕೂಡಿಸಿ ಹೇಳೂ ಮಾತು. ಲಗೂ ಒಬ್ಬ ವಕೀಲರ್ನ ಹಿಡೀರಿ.”

ಗಂಡ ಹೆಂಡತಿ ಹೋಗಿ ಕೇಳಿದಾಗ ಕಾನೂನು ಸೇವಾ ಸಮಿತಿಯವರು ನಿಶಾತ ಎಂಬ ವಕೀಲೆಯನ್ನು ಕೊಟ್ಟರು. ಅವರು ಎಲ್ಲ ಪುಟ ಓದಿದರು. ಮಾಲೀಕ ಮೊದಲೇ ನೋಟಿಸ್ ಕೊಟ್ಟಿದ್ದ. ಫಕೀರಪ್ಪ ಅದನ್ನು ಒಡೆದೂ ನೋಡದೆ ಟಿವಿ ಹಿಂದೆ ಸಿಕ್ಕಿಸಿದ್ದ. ಅಂದರೆ ಲೈವ್‌ನ ಮಾತು ಈ ಕೇಸಿಗೆ ಹೊಂದುತ್ತಲೇ ಇರಲಿಲ್ಲ. ರಾಜಿಯೇ ಒಳ್ಳೆಯದು ಎಂದು ನಿಶಾತ ತಿಳಿಸಿ ಹೇಳಿದರು.

ರಾಜಿಗೆ ಕೂತಾಗ ಬಸವಕಿರಣ ಮುಖ ತಿರುಗಿಸಿಕೊಂಡಿದ್ದ. “ಬಾಡಿಗಿ ಏರಿಸಿದ್ರ ನಾ ಅವತ್ತ ಒಪ್ಪತಿದ್ದೆ. ನನ್ನ ಹೆಂಡ್ತೀನ ಬೈಸಿದ ಮ್ಯಾಲೆ ಹೆಂಗ ಒಪ್ಪಲಿ?”

ಫಕೀರಪ್ಪ ಎದ್ದು ನಿಂತು ಎಲ್ಲರೆದುರು ತಪ್ಪಾಯಿತು ಎಂದ. ಬಾಡಿಗೆ ಏರಿತು, ಕರಾರು ಆಯಿತು, ಲೋಕ ಅದಾಲತ್‌ನಲ್ಲಿ ಕೇಸು ಮುಗಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಲೈವ್ ನೋಡಿ, ಕಾನೂನು ತಿಳಿದುಕೊಳ್ಳಿ. ಆದರೆ ನಿಮ್ಮ ಕೋರ್ಟಿನ ಕಾಗದ ಗುಂಪಿಗೆ ಹಾಕಬೇಡಿ, ತಾರೀಖು ತಪ್ಪಿಸಬೇಡಿ, ಅಭಿಮಾನದಲ್ಲಿ ಯಾರನ್ನೂ ಬೈಯಬೇಡಿ. ಕಾನೂನಿನ ನೆರವು ಬೇಕಾದರೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಪುಕ್ಕಟೆ.

ಶಿವಬಸವ್ವನ ಖಾನಾವಳಿ ಉಳಿಯಿತು. ಸೋಮವಾರದ ಊಟಕ್ಕೆ ಬಸವಕಿರಣ ಈಗ ಬರುವುದಿಲ್ಲ.