ಬೆರಳೊತ್ತಿದ ತಟ್ಟೆಗಳು

ಒಣಹುಲ್ಲಿನಿಂದ ಇಂಧನ ತೆಗೆಯಲೆಂದು ವಿಜ್ಞಾನಿ ಹೆತ್ತ ಮಗಳಿಗಿಂತ ಹೆಚ್ಚು ಮುದ್ದು ಮಾಡಿ ಸಾಕಿದ್ದ ಬ್ಯಾಕ್ಟೀರಿಯಾ ಮತ್ತೆ ನೆಗೆದುಬಿದ್ದಿತ್ತು. ಜಾಡಿಯ ತುಂಬ ಊಟ ಕೆಡಿಸುವ ಹಾಳು ಬ್ಯಾಕ್ಟೀರಿಯಾ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾರೋ ಕೈ ತೊಳೀದೇ ಮುಟ್ಟಿದೀರಿ. ಎಲ್ರೂ ಇದರ ಮೇಲೆ ಬೆರಳೊತ್ತಿ!" ಎಂದು ಪ್ರಯೋಗಾಲಯದ ಒಬ್ಬೊಬ್ಬರ ಮುಂದೆಯೂ ಸೂಕ್ಷ್ಮಜೀವಿ ಬೆಳೆಸುವ ಒಂದೊಂದು ಅಗರ್ ತಟ್ಟೆ ಹಿಡಿದಳು. ಪಕ್ಷಪಾತವೆನ್ನಬಾರದೆಂದು ತಾನೂ ಒತ್ತಿದಳು.

ಮರುದಿನ ಜಾಡಿಯೊಳಗಿನ ಆ ಹಾಳು ಜೀವಿ ಒಂದೇ ತಟ್ಟೆಯಲ್ಲಿ ಹಳದಿ ಚುಕ್ಕೆಗಳಾಗಿ ಬೆಳೆದಿತ್ತು. ಸಹಾಯಕ ಅದರ ಮೇಲಿನ ಹೆಸರು ಓದಿ ನಗು ನುಂಗಿಕೊಂಡ.

"ಮೇಡಂ, ಇದು... ನಿಮ್ದೇ."

ಸಂಜೆ ಮನೆಗೆ ಬಂದವಳು ಯಾರ ಮುಖವನ್ನೂ ನೋಡದೆ, ಧುಮುಗುಡುತ್ತ ಊಟಕ್ಕೆ ಕೂತಳು. ತುತ್ತು ಎತ್ತುವಷ್ಟರಲ್ಲಿ ಮಗಳು, ಅಮ್ಮ ದಿನಾ ತನ್ನನ್ನು ಗದರುವ ದನಿಯಲ್ಲೇ, ಕೇಳಿಯೇಬಿಟ್ಟಳು:

"ಕೈ ತೊಳ್ಕೊಂಡ್ಯಾ?"